ನುಂಗುವುದಕ್ಕೂ ಅಪ್ಪಣೆ ಬೇಕು

ತೊಗರಿ ಕೊಯ್ಲಿನ ಕಾಲದಲ್ಲಿ ಔರಾದ್ ಕಡೆಯ ಹೊಲಗಳಲ್ಲಿ ಕಾಲಿಗೆ ಜಾಲಿಮುಳ್ಳು ಚುಚ್ಚುವುದು ಹೊಸ ಸಂಗತಿಯೇನಲ್ಲ. ಮುಳ್ಳಿನ ಮೊನೆ ಒಳಗೇ ಮುರಿದು ಉಳಿದರೆ ಮಾರನೆಯ ದಿನ ಆ ಜಾಗ ಕೆಂಪಾಗುತ್ತದೆ, ಬಿಸಿಯೇರುತ್ತದೆ, ಬಾತುಕೊಳ್ಳುತ್ತದೆ. ಇನ್ನೆರಡು ದಿನ ಕಳೆದರೆ ಕೀವು ಕಟ್ಟುತ್ತದೆ. ಕೀವು ಎಂದರೆ ಮೈಯೊಳಗಿನ ಕೊಳೆ ಎಂದು ಅನೇಕರು ಭಾವಿಸಿದ್ದಾರೆ. ಅದು ಕೊಳೆಯಲ್ಲ. ಮುಳ್ಳಿನ ಜೊತೆ ಒಳಗೆ ಬಂದ ರೋಗಾಣುಗಳ ಮೇಲೆ ಬಿದ್ದು, ಅವನ್ನು ನುಂಗಿ, ತಾವೂ ಸತ್ತುಹೋದ ಲಕ್ಷಾಂತರ ಬಿಳಿ ರಕ್ತಕಣಗಳ ರಾಶಿ ಅದು.

'ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ನಾಶಪಡಿಸುತ್ತವೆ.' ಈ ವಾಕ್ಯವನ್ನು ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ವಾಕ್ಯದ ಒಳಗೆ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಬಿಳಿ ರಕ್ತಕಣಕ್ಕೆ ಕಣ್ಣಿಲ್ಲ, ಮೂಗಿಲ್ಲ, ಮಿದುಳಿಲ್ಲ. ಅದರ ಸುತ್ತ ಈಜಾಡುತ್ತಿರುವುದು ಬಹುಪಾಲು ನಮ್ಮದೇ ಜೀವಕೋಶಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ರಕ್ತಕಣಗಳಿದ್ದರೆ, ಬಿಳಿಯ ಕಣಗಳು ನಾಲ್ಕರಿಂದ ಹನ್ನೊಂದು ಸಾವಿರ ಮಾತ್ರ. ಇಷ್ಟು ದೊಡ್ಡ ಜಾತ್ರೆಯಲ್ಲಿ ಯಾರನ್ನು ನುಂಗಬೇಕು, ಯಾರನ್ನು ಬಿಡಬೇಕು, ಯಾವಾಗ ಬಾಯಿ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅದು ಹೇಗೆ ತೀರ್ಮಾನಿಸುತ್ತದೆ?

ಒಂದೇ ವರ್ಷದ ಎರಡು ಘಟನೆಗಳು

ಈ ಕಥೆ 1882ರಲ್ಲಿ ಆರಂಭವಾಗುತ್ತದೆ. ಆ ವರ್ಷದ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ತಾನು ಕಂಡುಹಿಡಿದಿರುವುದಾಗಿ ಪ್ರಕಟಿಸಿದ. ಅದೇ ವರ್ಷದ ಕೊನೆಗೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯನ್ ಪ್ರಾಣಿಶಾಸ್ತ್ರಜ್ಞ ಮನೆಯಲ್ಲಿ ಒಬ್ಬನೇ ಕುಳಿತಿದ್ದ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಂದನ್ನು ಅವನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಅದರ ಮೈಯಲ್ಲಿ ಅಲೆದಾಡುವ ಕೋಶಗಳು ಅವನ ಗಮನ ಸೆಳೆದವು. ಒಂದು ಮುಳ್ಳು ಚುಚ್ಚಿದರೆ ಅವು ಏನು ಮಾಡಬಹುದು? ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಮೈಗೆ ಚುಚ್ಚಿದ. ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಆ ಕೋಶಗಳು ಮುತ್ತಿಗೆ ಹಾಕಿದ್ದವು.

ನಮ್ಮ ಹೊಲದ ಜಾಲಿಮುಳ್ಳಿಗೂ ಮೆಸ್ಸೀನಾದ ಗುಲಾಬಿ ಮುಳ್ಳಿಗೂ ವ್ಯತ್ಯಾಸವೇನಿಲ್ಲ. ಮೆಚ್ನಿಕಾಫ್ ಆ ಕೋಶಗಳನ್ನು 'ಫ್ಯಾಗೊಸೈಟ್' ಎಂದು ಕರೆದ. ಕನ್ನಡದಲ್ಲಿ ಭಕ್ಷಕ ಕೋಶ ಎನ್ನಬಹುದು. 1908ರ ನೊಬೆಲ್ ಪ್ರಶಸ್ತಿಯನ್ನು ಅವನು ಜರ್ಮನಿಯ ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡ. ಕಾಕ್‌ಗೆ ಮೂರು ವರ್ಷ ಮೊದಲೇ, 1905ರಲ್ಲಿ, ಅದೇ ಪ್ರಶಸ್ತಿ ಬಂದಿತ್ತು. ಕಾಕ್ ಕಂಡ ಕ್ಷಯದ ಬ್ಯಾಕ್ಟೀರಿಯಾ ಮೆಚ್ನಿಕಾಫ್ ಕಂಡ ಭಕ್ಷಕ ಕೋಶವನ್ನು ಮೋಸಗೊಳಿಸಿಯೇ ಬದುಕುತ್ತದೆ ಎಂಬುದು ಸ್ಪಷ್ಟವಾಗಲು ಮಾತ್ರ ಇನ್ನೂ ತೊಂಬತ್ತು ವರ್ಷ ಬೇಕಾಯಿತು. ಆ ಮಾತಿಗೆ ಆಮೇಲೆ ಬರೋಣ.

ಹಾಲಿನೊಳಗಿನ ಪಹರೆ

ಭಕ್ಷಕ ಕೋಶಗಳ ಕೆಲಸ ನೋಡಲು ಇಟಲಿಗೆ ಹೋಗಬೇಕಾಗಿಲ್ಲ. ಭಾಲ್ಕಿ, ಔರಾದ್ ತಾಲ್ಲೂಕುಗಳ ಕೊಟ್ಟಿಗೆಗಳಲ್ಲೇ ಅದು ಕಾಣಸಿಗುತ್ತದೆ. ಬೀದರ್ ಜಿಲ್ಲೆ ಮತ್ತು ಗಡಿಯಾಚೆಯ ಲಾತೂರು ಜಿಲ್ಲೆ ದೇವಣಿ ದನಗಳ ತವರು. ಬಿಳಿಯ ಮೈಮೇಲೆ ಕಪ್ಪು ಮಚ್ಚೆಗಳ ಈ ತಳಿ ಹಾಲಿಗೂ ಸೈ, ನೇಗಿಲಿಗೂ ಸೈ. 2004ರ ಕಾಯ್ದೆಯಂತೆ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದೂ ಬೀದರಿನಲ್ಲೇ.

ಹಸು, ಎಮ್ಮೆ ಸಾಕಿದವರಿಗೆ ಕೆಚ್ಚಲು ಬಾವು ಗೊತ್ತು. ಮೊಲೆಯ ತುದಿಯಿಂದ ಒಳಗೆ ನುಗ್ಗಿದ ಬ್ಯಾಕ್ಟೀರಿಯಾ ಹಾಲಿನಲ್ಲಿ ಬೆಳೆಯುತ್ತದೆ. ಆರೋಗ್ಯವಾದ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ ಒಂದು ಲಕ್ಷಕ್ಕಿಂತ ಕಡಿಮೆ ಜೀವಕೋಶಗಳಿರುತ್ತವೆ. ಅವುಗಳಲ್ಲಿ 'ಮ್ಯಾಕ್ರೋಫೇಜ್' ಎಂಬ ದೊಡ್ಡ ಭಕ್ಷಕಗಳದು ಮುಖ್ಯ ಪಾಲು. ಅವು ಊರಿನಲ್ಲೇ ನೆಲೆಸಿದ ಕಾವಲುಗಾರರು. ಬ್ಯಾಕ್ಟೀರಿಯಾ ಕಂಡೊಡನೆ ಅವು ರಾಸಾಯನಿಕ ಕೂಗು ಹಾಕುತ್ತವೆ. ಆ ಕೂಗಿಗೆ ಓಗೊಟ್ಟು ರಕ್ತದಿಂದ 'ನ್ಯೂಟ್ರೋಫಿಲ್' ಎಂಬ ಸಣ್ಣ ಭಕ್ಷಕಗಳು ದಂಡಿಯಾಗಿ ಬಂದಿಳಿಯುತ್ತವೆ. ಎಣಿಕೆ ಎರಡು ಲಕ್ಷ ದಾಟಿದರೆ ಕೆಚ್ಚಲಲ್ಲಿ ಸೋಂಕಿದೆ ಎಂದೇ ಪಶುವೈದ್ಯರು ಲೆಕ್ಕ ಹಾಕುತ್ತಾರೆ. ಬಾವು ಜೋರಾದಾಗ ಅದು ಹತ್ತಾರು ಲಕ್ಷಕ್ಕೆ ಏರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ರಕ್ತದಲ್ಲಿ ಚುರುಕಾಗಿದ್ದ ನ್ಯೂಟ್ರೋಫಿಲ್ ಹಾಲಿಗೆ ಇಳಿದೊಡನೆ ಮಂಕಾಗುತ್ತದೆ. ಕಾರಣ, ಹಾಲಿನಲ್ಲಿ ತೇಲುವ ಕೊಬ್ಬಿನ ಗೋಲಿಗಳನ್ನೂ ಕೇಸೀನ್ ಪ್ರೋಟೀನಿನ ಕಣಗಳನ್ನೂ ಅದು ನುಂಗತೊಡಗುತ್ತದೆ. ಕಳ್ಳನನ್ನು ಹಿಡಿಯಲು ಬಂದವನು ಅಡುಗೆಮನೆಯಲ್ಲಿ ಬೆಣ್ಣೆ ತಿಂದು ಕುಳಿತಂತೆ. ಹೊಟ್ಟೆ ತುಂಬಿದ ಮೇಲೆ ಬ್ಯಾಕ್ಟೀರಿಯಾ ನುಂಗಲು ಜಾಗವೂ ಕಡಿಮೆ, ಕಸುವೂ ಕಡಿಮೆ. ಕೆಚ್ಚಲು ಬಾವು ಹಟಮಾರಿಯಾಗಲು ಇದೂ ಒಂದು ಕಾರಣ. ಸಿಕ್ಕಿದ್ದನ್ನೆಲ್ಲ ನುಂಗುವುದು ರಕ್ಷಣೆಯಲ್ಲ, ಆರಿಸಿ ನುಂಗುವುದು ರಕ್ಷಣೆ. ಹಾಗಾದರೆ ಆಯ್ಕೆ ನಡೆಯುವುದು ಹೇಗೆ?

ಗುರುತಿನ ಚೀಟಿ

1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟ್ ಮತ್ತು ಸ್ಟೀವರ್ಟ್ ಡಗ್ಲಸ್ ಒಂದು ವಿಷಯ ಗಮನಿಸಿದರು. ಬರಿಯ ಬ್ಯಾಕ್ಟೀರಿಯಾಗಳನ್ನು ಇಟ್ಟರೆ ಭಕ್ಷಕ ಕೋಶಗಳಿಗೆ ಅಷ್ಟಾಗಿ ಆಸಕ್ತಿಯಿಲ್ಲ. ಅದೇ ಬ್ಯಾಕ್ಟೀರಿಯಾಗಳನ್ನು ರಕ್ತದ ತಿಳಿಯಲ್ಲಿ, ಅಂದರೆ ಸೀರಮ್ಮಿನಲ್ಲಿ ನೆನೆಸಿ ಕೊಟ್ಟರೆ ಗಬಗಬ ನುಂಗುತ್ತವೆ. ಬೇಳೆಗೆ ಒಗ್ಗರಣೆ ಬಿದ್ದಂತೆ! ಸೀರಮ್ಮಿನಲ್ಲಿರುವ ಆ ವಸ್ತುಗಳಿಗೆ ಅವರು 'ಆಪ್ಸೋನಿನ್' ಎಂದು ಹೆಸರಿಟ್ಟರು. ಊಟಕ್ಕೆ ಅಣಿಗೊಳಿಸುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು.

ಅವುಗಳಲ್ಲಿ ಮುಖ್ಯವಾದವು ಪ್ರತಿಕಾಯಗಳು. ಪ್ರತಿಕಾಯ ಎಂದರೆ ಕವಣೆಯ ಕವಲಿನಂತೆ ಎರಡು ತೋಳು, ಒಂದು ಬಾಲ ಇರುವ ಪ್ರೋಟೀನು. ತೋಳುಗಳು ಬ್ಯಾಕ್ಟೀರಿಯಾದ ಮೈಯನ್ನು ಹಿಡಿಯುತ್ತವೆ, ಬಾಲ ಹೊರಗೆ ಚಾಚಿಕೊಂಡಿರುತ್ತದೆ. ಭಕ್ಷಕ ಕೋಶದ ಪೊರೆಯ ಮೇಲೆ ಆ ಬಾಲವನ್ನೇ ಹಿಡಿಯುವ 'ಗ್ರಾಹಕ' ಪ್ರೋಟೀನುಗಳಿವೆ. ಹೀಗಾಗಿ ಭಕ್ಷಕ ಕೋಶವು ಪ್ರತಿಯೊಂದು ರೋಗಾಣುವಿನ ಮುಖಪರಿಚಯ ಮಾಡಿಕೊಳ್ಳಬೇಕಾಗಿಲ್ಲ. ಅಂಟಿಸಿರುವ ಚೀಟಿ ಓದಿದರೆ ಸಾಕು. ಲಸಿಕೆ ಹಾಕಿಸುವುದೆಂದರೆ ಇಂಥ ಚೀಟಿಗಳನ್ನು ಬೇಗ ಮುದ್ರಿಸಲು ದೇಹಕ್ಕೆ ಮೊದಲೇ ಅಭ್ಯಾಸ ಮಾಡಿಸುವುದು.

ಹಾಕುವ ಮುದ್ರೆ, ಅಳಿಸುವ ಮುದ್ರೆ

ಚೀಟಿ ಓದಿದ್ದು ಪೊರೆಯ ಹೊರಗೆ. ಕೆಲಸ ನಡೆಯಬೇಕಾದದ್ದು ಒಳಗೆ. ಸುದ್ದಿ ದಾಟಿಸುವವರು ಯಾರು?

ಉತ್ತರದ ಬೀಜ ಸಿಕ್ಕಿದ್ದು 1950ರ ದಶಕದಲ್ಲಿ, ಅಮೆರಿಕದ ಸಿಯಾಟಲ್ ನಗರದಲ್ಲಿ. ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಸ್ನಾಯುಗಳ ಪ್ರೋಟೀನೊಂದನ್ನು ಅಭ್ಯಸಿಸುತ್ತಿದ್ದರು. ಆ ಪ್ರೋಟೀನಿಗೆ ಒಂದು ಪುಟ್ಟ ಫಾಸ್ಫೇಟ್ ಗುಂಪು ಅಂಟಿಸಿದರೆ ಅದು ಕೆಲಸಕ್ಕೆ ಇಳಿಯುತ್ತಿತ್ತು, ಕಿತ್ತರೆ ಸುಮ್ಮನಾಗುತ್ತಿತ್ತು. ಅಂಟಿಸುವ ಕಿಣ್ವಕ್ಕೆ 'ಕೈನೇಸ್' ಎಂದೂ ಕೀಳುವ ಕಿಣ್ವಕ್ಕೆ 'ಫಾಸ್ಫಟೇಸ್' ಎಂದೂ ಹೆಸರು. ಇದು ಸ್ನಾಯುವಿನ ಒಂದು ಪ್ರೋಟೀನಿನ ಕಥೆಯಷ್ಟೇ ಅಲ್ಲ, ಬಹುತೇಕ ಎಲ್ಲ ಜೀವಕೋಶಗಳ ಆಡಳಿತ ನಡೆಯುವುದೇ ಹೀಗೆ ಎಂದು ಕ್ರಮೇಣ ತಿಳಿಯಿತು. ಇಬ್ಬರಿಗೂ 1992ರಲ್ಲಿ ನೊಬೆಲ್ ಬಂತು. ಮನುಷ್ಯನಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ.

ತಹಸೀಲ್ದಾರ್ ಕಚೇರಿಯ ಕಡತ ನೆನಪಿಸಿಕೊಳ್ಳಿ. ಒಬ್ಬರು ಮುದ್ರೆ ಒತ್ತಿದ ಮೇಲೆ ಮುಂದಿನವರು ಕಡತ ಎತ್ತಿಕೊಳ್ಳುತ್ತಾರೆ. ಗ್ರಾಹಕ ಪ್ರೋಟೀನಿನ ಬಾಲ ಕೋಶದ ಒಳಕ್ಕೆ ಚಾಚಿದೆ. ಅದರ ಮೇಲೆ ಕೈನೇಸ್ ಫಾಸ್ಫೇಟ್ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಜಾಗಕ್ಕೆ 'ಸಿಕ್' ಎಂಬ ಇನ್ನೊಂದು ಕೈನೇಸ್ ಬಂದು ಕೂರುತ್ತದೆ, ಅದು ಮುಂದಿನವರಿಗೆ ಮುದ್ರೆ ಒತ್ತುತ್ತದೆ. ಕೊನೆಗೆ ಸುದ್ದಿ 'ಆಕ್ಟಿನ್' ಎಂಬ ಪ್ರೋಟೀನಿಗೆ ತಲುಪುತ್ತದೆ. ಆಕ್ಟಿನ್ ಬಿಡಿಬಿಡಿಯಾಗಿದ್ದದ್ದು ಎಳೆ ಎಳೆಯಾಗಿ ಹೆಣೆದುಕೊಂಡು ಕೋಶದ ಪೊರೆಯನ್ನು ಹೊರಕ್ಕೆ ತಳ್ಳುತ್ತದೆ. ಆಗ ಕೋಶಕ್ಕೆ 'ಬಾಯಿ' ಮೂಡುತ್ತದೆ.

ಆದರೆ ಒಂದು ತೊಡಕು. ಕೋಶದ ಪೊರೆಯ ಮೇಲೆ ಮುದ್ರೆ ಅಳಿಸುವ ಫಾಸ್ಫಟೇಸ್‌ಗಳೂ ಧಾರಾಳವಾಗಿವೆ. ಮುಖ್ಯವಾಗಿ 'ಸಿಡಿ45' ಎಂಬ ಪ್ರೋಟೀನು. ಒತ್ತಿದ ಮುದ್ರೆಯನ್ನು ಒಡನೆಯೇ ಅಳಿಸಿಬಿಡುವುದು ಅದರ ಚಾಳಿ. ಸುಮ್ಮನೆ ಯಾವುದೋ ಚೂರು ತಾಕಿದ್ದಕ್ಕೆಲ್ಲ ಕೋಶ ಬಾಯಿ ತೆರೆಯದಂತೆ ತಡೆಯುವುದು ಇದೇ. ಹಾಗಾದರೆ ನಿಜವಾದ ರೋಗಾಣು ಬಂದಾಗ ಈ ಅಳಿಸುವವನು ಎಲ್ಲಿಗೆ ಹೋಗುತ್ತಾನೆ?

ತಗ್ಗು ಬಾಗಿಲ ಉಪಾಯ

ಹಳೆಯ ಮನೆಗಳ ಬಾಗಿಲು ತಗ್ಗಾಗಿರುವುದನ್ನು ನೀವು ನೋಡಿದ್ದೀರಿ. ಗಿಡ್ಡವರು ಸಲೀಸಾಗಿ ಒಳಗೆ ಹೋಗುತ್ತಾರೆ, ಎತ್ತರದವರು ಹೊರಗೇ ನಿಲ್ಲುತ್ತಾರೆ. ಭಕ್ಷಕ ಕೋಶ ಬಳಸುವುದು ಇದೇ ಉಪಾಯವನ್ನು! ಪ್ರತಿಕಾಯದ ಬಾಲವನ್ನು ಗ್ರಾಹಕ ಹಿಡಿದುಕೊಂಡಾಗ ರೋಗಾಣುವಿಗೂ ಕೋಶಕ್ಕೂ ನಡುವಿನ ಅಂತರ ಹದಿನೈದು ನ್ಯಾನೊಮೀಟರ್ ಆಸುಪಾಸಿಗೆ ಇಳಿಯುತ್ತದೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್. ಸಿಡಿ45 ಪ್ರೋಟೀನಿನ ಹೊರಭಾಗ ಅದಕ್ಕಿಂತ ಎತ್ತರ. ಆ ಇಕ್ಕಟ್ಟಿನಲ್ಲಿ ಅದಕ್ಕೆ ನಿಲ್ಲಲು ಜಾಗವಿಲ್ಲ. ಅದು ಪಕ್ಕಕ್ಕೆ ಸರಿಯುತ್ತದೆ. ಸಂಪರ್ಕದ ಆ ಪುಟ್ಟ ವೃತ್ತದಲ್ಲಿ ಮುದ್ರೆ ಒತ್ತುವವರು ಮಾತ್ರ ಉಳಿಯುತ್ತಾರೆ. ಮುದ್ರೆಗಳು ಅಳಿಯದೆ ಕೂಡುತ್ತ ಹೋಗಿ ಅಪ್ಪಣೆ ಹೊರಡುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ್ದು 2011ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ. ಅವರು ಅಭ್ಯಸಿಸಿದ್ದು ಪ್ರತಿಕಾಯದ ಗ್ರಾಹಕವನ್ನಲ್ಲ, ಶಿಲೀಂಧ್ರಗಳನ್ನು ನೇರವಾಗಿ ಗುರುತಿಸುವ ಇನ್ನೊಂದು ಗ್ರಾಹಕವನ್ನು. ಶಿಲೀಂಧ್ರದ ಹೊರಗೋಡೆಯಲ್ಲಿ ಒಂದು ಬಗೆಯ ಸಕ್ಕರೆಯ ಸರಪಳಿ ಇದೆ. ಅದನ್ನು ನೀರಿನಲ್ಲಿ ಕರಗಿಸಿ ಕೊಟ್ಟರೆ ಗ್ರಾಹಕಗಳು ಅದನ್ನು ಹಿಡಿದುಕೊಂಡವು, ಆದರೆ ಕೋಶ ಕದಲಲಿಲ್ಲ. ಅದೇ ಸಕ್ಕರೆಯನ್ನು ಗಟ್ಟಿ ಕಣದ ರೂಪದಲ್ಲಿ ಕೊಟ್ಟಾಗ ಸಿಡಿ45 ಪಕ್ಕಕ್ಕೆ ಸರಿಯಿತು, ಕೋಶ ಕೆಲಸಕ್ಕೆ ಇಳಿಯಿತು. ಎಲ್ಲೋ ಸತ್ತ ಶಿಲೀಂಧ್ರದ ಚೂರು ತೇಲಿ ಬಂದಿದೆಯೋ, ಶಿಲೀಂಧ್ರವೇ ಬಂದು ಮೈಗೆ ತಾಕಿದೆಯೋ ಎಂಬುದನ್ನು ಕಣ್ಣಿಲ್ಲದ ಕೋಶ ಹೀಗೆ ತಿಳಿಯುತ್ತದೆ.

ರೊಟ್ಟಿ ಮಡಚಿದಂತೆ

ಜೋಳದ ರೊಟ್ಟಿಯಲ್ಲಿ ಪುಂಡಿಪಲ್ಯ ಹಿಡಿಯುವಾಗ ನಾವು ಏನು ಮಾಡುತ್ತೇವೆ? ರೊಟ್ಟಿಯ ತುಂಡನ್ನು ಪಲ್ಯದ ಸುತ್ತ ಮೆಲ್ಲಗೆ ಮಡಚುತ್ತ, ಅಂಚುಗಳನ್ನು ಕೂಡಿಸುತ್ತೇವೆ. ಭಕ್ಷಕ ಕೋಶವೂ ಹಾಗೆಯೇ. ಒಂದು ಗ್ರಾಹಕ ಒಂದು ಪ್ರತಿಕಾಯವನ್ನು ಹಿಡಿಯುತ್ತದೆ. ಪೊರೆ ಸ್ವಲ್ಪ ಮುಂದೆ ಚಾಚುತ್ತದೆ. ಪಕ್ಕದ ಗ್ರಾಹಕ ಪಕ್ಕದ ಪ್ರತಿಕಾಯವನ್ನು ಹಿಡಿಯುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಸುತ್ತುವರಿದು ಕೊನೆಗೆ ಅಂಚುಗಳು ಕೂಡಿಕೊಳ್ಳುತ್ತವೆ. ಚೀಲದ ಜಿಪ್ ಎಳೆದಂತೆ ಎಂದು ವಿಜ್ಞಾನಿಗಳು ವರ್ಣಿಸುತ್ತಾರೆ.

1975-76ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಪ್ರಯೋಗಗಳು ಇದಕ್ಕೆ ಸಾಕ್ಷ್ಯ ಒದಗಿಸಿದವು. ಮೈತುಂಬ ಪ್ರತಿಕಾಯ ಅಂಟಿದ ಕೋಶಗಳನ್ನು ಮ್ಯಾಕ್ರೋಫೇಜ್ ಪೂರ್ತಿ ನುಂಗಿತು. ಪ್ರತಿಕಾಯಗಳೆಲ್ಲ ಒಂದೇ ತುದಿಗೆ ಸರಿದು ಗುಂಪಾಗಿದ್ದ ಕೋಶಗಳನ್ನು ಮ್ಯಾಕ್ರೋಫೇಜ್ ಹಿಡಿದುಕೊಂಡಿತೇ ಹೊರತು ನುಂಗಲಿಲ್ಲ. ಒಂದು ಕಡೆ ಸಿಕ್ಕ ಅಪ್ಪಣೆ ಇನ್ನೊಂದು ಕಡೆಗೆ ಸಾಲದು, ಪ್ರತಿ ಹೆಜ್ಜೆಗೂ ಹೊಸ ಅಪ್ಪಣೆ ಬೇಕು ಎಂದಾಯಿತು.

ಬಾಯಿ ತೆರೆಯುವಷ್ಟೇ ಮುಖ್ಯ, ಆದ ಕೆಲಸವನ್ನು ನಿಲ್ಲಿಸುವುದು. ಮುಂದೆ ಚಾಚುವ ಅಂಚಿನಲ್ಲಿ ಆಕ್ಟಿನ್ ಎಳೆಗಳು ಬೇಕು. ಆದರೆ ರೋಗಾಣು ಒಳಗೆ ಇಳಿಯಬೇಕಾದ ತಳದಲ್ಲಿ ಅದೇ ಎಳೆಗಳು ದಾರಿಗೆ ಅಡ್ಡ. ಆದ್ದರಿಂದ ತುದಿಯಲ್ಲಿ ಹೆಣಿಗೆ ನಡೆಯುತ್ತಿರುವಾಗಲೇ ತಳದಲ್ಲಿ ಬಿಚ್ಚುವ ಕೆಲಸ ನಡೆಯುತ್ತದೆ. ಇದನ್ನು ನಡೆಸುವ ಕಿಣ್ವವೊಂದು ಪೊರೆಯ ಕೊಬ್ಬಿಗೇ ಫಾಸ್ಫೇಟ್ ಮುದ್ರೆ ಒತ್ತುತ್ತದೆ. ಔಷಧ ಹಾಕಿ ಆ ಕಿಣ್ವವನ್ನು ತಡೆದರೆ ಮ್ಯಾಕ್ರೋಫೇಜ್ ಸಣ್ಣ ಕಣಗಳನ್ನು ನುಂಗಬಲ್ಲದು, ದೊಡ್ಡ ಕಣಗಳ ಮುಂದೆ ಮಾತ್ರ ಅರ್ಧ ಬಾಯಿ ತೆರೆದು ಹಾಗೆಯೇ ನಿಂತುಬಿಡುತ್ತದೆ.

ನಮ್ಮವರೆಂಬ ಗುರುತು

ನುಂಗು ಎನ್ನುವ ಚೀಟಿ ಇರುವಂತೆ ನುಂಗಬೇಡ ಎನ್ನುವ ಚೀಟಿಯೂ ಇದೆ. ನಮ್ಮ ಕೆಂಪು ರಕ್ತಕಣಗಳ ಮೈಮೇಲೆ 'ಸಿಡಿ47' ಎಂಬ ಪ್ರೋಟೀನಿದೆ. ಮ್ಯಾಕ್ರೋಫೇಜ್ ಅದನ್ನು ಮುಟ್ಟಿದೊಡನೆ ತನ್ನೊಳಗಿನ ಫಾಸ್ಫಟೇಸ್ ಅನ್ನು ಕರೆದು ಮುದ್ರೆಗಳನ್ನು ಅಳಿಸಿಹಾಕುತ್ತದೆ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಡಿ47 ಇಲ್ಲದ ಇಲಿಗಳ ರಕ್ತಕಣಗಳನ್ನು ಸಾಮಾನ್ಯ ಇಲಿಗಳಿಗೆ ಕೊಟ್ಟಾಗ ಅವು ಬಹುಬೇಗ ಮಾಯವಾದವು. ಅವನ್ನು ಗುಲ್ಮದ ಮ್ಯಾಕ್ರೋಫೇಜ್‌ಗಳು ನುಂಗಿಹಾಕಿದ್ದವು.

ನಮ್ಮಲ್ಲಿ ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಮ್ಯಾಕ್ರೋಫೇಜ್‌ಗಳು ಸೆಕೆಂಡಿಗೆ ಸುಮಾರು 20 ಲಕ್ಷದಂತೆ ವಿಲೇವಾರಿ ಮಾಡಿ ಕಬ್ಬಿಣದ ಅಂಶವನ್ನು ಮರುಬಳಕೆಗೆ ಕೊಡುತ್ತವೆ. ನೀವು ಈ ಸಾಲು ಓದುವಷ್ಟರಲ್ಲಿ ಕೋಟಿ ಕಣಗಳ ಲೆಕ್ಕ ಚುಕ್ತಾ ಆಗಿರುತ್ತದೆ. ಈ ಗುರುತನ್ನು ಕ್ಯಾನ್ಸರ್ ಕೋಶಗಳೂ ಕದಿಯುತ್ತವೆ. ಹಲವು ಕ್ಯಾನ್ಸರ್ ಕೋಶಗಳು ಸಿಡಿ47 ಅನ್ನು ಮೈತುಂಬ ಹೊದ್ದುಕೊಂಡು ನಮ್ಮವರಂತೆ ನಟಿಸುತ್ತವೆ. ಆ ಹೊದಿಕೆಯನ್ನು ಮರೆಮಾಡುವ ಔಷಧಗಳ ಪ್ರಯತ್ನ ನಡೆದಿದೆ. ಮನುಷ್ಯರ ಮೇಲಿನ ಪರೀಕ್ಷೆಗಳು ನಿರೀಕ್ಷಿಸಿದಷ್ಟು ಫಲ ಕೊಟ್ಟಿಲ್ಲ.

ಹೊಟ್ಟೆಯೊಳಗೇ ಮನೆ ಕಟ್ಟುವವರು

ನುಂಗಿದ ಮೇಲೆ ಜೀರ್ಣಿಸಬೇಕು. ರೋಗಾಣು ಈಗ ಪೊರೆಯ ಪುಟ್ಟ ಚೀಲದಲ್ಲಿದೆ. ಆ ಚೀಲಕ್ಕೆ ಆಮ್ಲ ಸುರಿಯುತ್ತದೆ, ಆಮ್ಲಜನಕದಿಂದ ತಯಾರಾದ ಸುಡುವ ರಾಸಾಯನಿಕಗಳು ಬೀಳುತ್ತವೆ. ಕೊನೆಗೆ ಜೀರ್ಣ ಕಿಣ್ವಗಳು ತುಂಬಿದ 'ಲೈಸೋಸೋಮ್' ಬಂದು ಕೂಡಿಕೊಳ್ಳುತ್ತದೆ. ಚೀಲವನ್ನು ಕೋಶದ ನಡುವಿಗೆ ಎಳೆದೊಯ್ಯಲು 'ಡೈನೀನ್' ಎಂಬ ಪ್ರೋಟೀನು ಕೂಲಿಗಳಿವೆ. ಚೀಲ ಬಲಿತಂತೆ ಅದರ ಪೊರೆಯಲ್ಲಿ ಕೊಲೆಸ್ಟೆರಾಲ್ ಹೆಚ್ಚಿರುವ ತೇಪೆಗಳು ಮೂಡುತ್ತವೆ, ಡೈನೀನ್‌ಗಳು ಆ ತೇಪೆಗಳಲ್ಲಿ ಗುಂಪುಗೂಡಿ ಒಟ್ಟಾಗಿ ಎಳೆಯುತ್ತವೆ. ಇದನ್ನು ತೋರಿಸಿದ್ದು 2016ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರೂಪ್ ಮಲಿಕ್ ಮತ್ತು ಸಂಗಡಿಗರು. ತೇರು ಎಳೆಯುವಾಗ ಹತ್ತು ಕೈ ಒಂದೇ ಹಗ್ಗಕ್ಕೆ ಬಿದ್ದಂತೆ.

ಈಗ 1882ರ ಮಾತಿಗೆ ಬರೋಣ. 1971ರಲ್ಲಿ ಲಂಡನ್ನಿನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕ್ಷಯದ ಬ್ಯಾಕ್ಟೀರಿಯಾ ನುಂಗಿದ ಮ್ಯಾಕ್ರೋಫೇಜ್‌ಗಳನ್ನು ನೋಡಿದರು. ಸತ್ತ ಬ್ಯಾಕ್ಟೀರಿಯಾ ಇದ್ದ ಚೀಲಗಳಿಗೆ ಲೈಸೋಸೋಮ್ ಬಂದು ಕೂಡುತ್ತಿತ್ತು. ಜೀವಂತ ಬ್ಯಾಕ್ಟೀರಿಯಾ ಇದ್ದ ಚೀಲಗಳಿಗೆ ಹೆಚ್ಚಾಗಿ ಕೂಡುತ್ತಿರಲಿಲ್ಲ. ಹೇಗೆ? ಕ್ಷಯದ ಬ್ಯಾಕ್ಟೀರಿಯಾ ತನ್ನದೇ ಫಾಸ್ಫಟೇಸ್‌ಗಳನ್ನು ಹೊರಸೂಸಿ ಚೀಲದ ಮೇಲಿನ ಮುದ್ರೆಗಳನ್ನು ಅಳಿಸುತ್ತದೆ ಎಂದು ಮುಂದಿನ ದಶಕಗಳಲ್ಲಿ ತಿಳಿಯಿತು. ಆಮ್ಲ ತುಂಬುವ ಯಂತ್ರ ಆ ಚೀಲಕ್ಕೆ ಬಂದು ಸೇರುವುದಿಲ್ಲ. ಕಳ್ಳ ಕಚೇರಿಯ ಮುದ್ರೆಯನ್ನೇ ಅಳಿಸಿ ಕಡತ ಮುಂದೆ ಹೋಗದಂತೆ ಮಾಡಿದಂತಾಯಿತು. ಸೆರೆಮನೆಯೇ ಅವನಿಗೆ ವಸತಿಗೃಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎನ್. ಬಾಲಾಜಿ ಅವರ ತಂಡ ಮ್ಯಾಕ್ರೋಫೇಜ್ ಮತ್ತು ಕ್ಷಯದ ಬ್ಯಾಕ್ಟೀರಿಯಾ ನಡುವಿನ ಇಂಥ ಸಂಕೇತಗಳ ಜಗ್ಗಾಟವನ್ನೇ ಅಭ್ಯಸಿಸಿದೆ. 2011ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದಿದೆ.

ದನಗಳಲ್ಲಿ ಗರ್ಭಪಾತ ಉಂಟುಮಾಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಕೂಡ ಮ್ಯಾಕ್ರೋಫೇಜ್ ಒಳಗೇ ಬಿಡಾರ ಹೂಡುತ್ತದೆ. ಹಸಿ ಹಾಲಿನಿಂದ, ಕಂದು ಹಾಕಿದ ದನದ ಕಸವನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಅದು ಮನುಷ್ಯರಿಗೂ ದಾಟುತ್ತದೆ. ಬಂದು ಬಂದು ಹೋಗುವ ಜ್ವರ, ಕೀಲುನೋವು ಅದರ ಲಕ್ಷಣಗಳು.

ತಂದೆ ತಾಯಂದಿರಿಗೆ

ಇಷ್ಟೆಲ್ಲ ತಿಳಿದು ಮನೆಗೆ ಏನು ಪ್ರಯೋಜನ? ಬಹಳ ಇದೆ.

ಮೊದಲನೆಯದು, ಕ್ಷಯದ ಔಷಧ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ತೂಕ ಏರುತ್ತದೆ, 'ಗುಣವಾಯಿತು' ಎಂದು ಮಾತ್ರೆ ಬಿಡುವವರಿದ್ದಾರೆ. ಆದರೆ ಕೋಶಗಳ ಒಳಗೆ ಅಡಗಿ ಕುಳಿತವರು ಇನ್ನೂ ಇರುತ್ತಾರೆ. ಉಳಿದ ನಾಲ್ಕು ತಿಂಗಳ ಮಾತ್ರೆ ಅವರಿಗಾಗಿಯೇ. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿಕೊಳ್ಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧ ಉಚಿತ.

ಎರಡನೆಯದು, ಊಟ. ಭಕ್ಷಕ ಕೋಶವೂ ಪ್ರೋಟೀನಿನಿಂದಲೇ ಆದದ್ದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಕ್ಷಯರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ತೊಗರಿ ಬೆಳೆಯುವ ಜಿಲ್ಲೆಯವರಿಗೆ ಬೇಳೆಯ ಮಹತ್ವ ಹೇಳಬೇಕಾಗಿಲ್ಲ. ಆದರೆ ಬೆಳೆದದ್ದನ್ನೆಲ್ಲ ಮಾರಿ ಮಕ್ಕಳ ತಟ್ಟೆಗೆ ತಿಳಿಸಾರು ಬಡಿಸುವುದು ಲಾಭದ ಲೆಕ್ಕವಲ್ಲ.

ಮೂರನೆಯದು, ಹಾಲು. ಕುದಿಸದ ಹಾಲನ್ನು ಮಕ್ಕಳಿಗೆ ಕೊಡಬೇಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಸೇರಿದೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರಬೇಡಿ, ಕುಡಿಯಲೂ ಬೇಡಿ.

ನಾಲ್ಕನೆಯದು, ಲಸಿಕೆ. ಹುಟ್ಟಿದ ಮಗುವಿಗೆ ಹಾಕುವ ಬಿಸಿಜಿ ಲಸಿಕೆಯ ಮೂಲ ಗೊತ್ತೇ? ಕ್ಷಯ ತಗಲಿದ ಕೆಚ್ಚಲಿನ ಹಸುವೊಂದರಿಂದ ತೆಗೆದ ಬ್ಯಾಕ್ಟೀರಿಯಾ ಅದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಅದನ್ನು 13 ವರ್ಷ ಕಾಲ 230 ಬಾರಿ ಹೊಸ ಹೊಸ ಆಹಾರಕ್ಕೆ ಬದಲಾಯಿಸಿ ಪಳಗಿಸಿದರು. 1921ರಲ್ಲಿ ಮೊದಲ ಬಾರಿಗೆ ಮಗುವಿಗೆ ಕೊಟ್ಟರು. ಎಳೆಯ ಮಕ್ಕಳನ್ನು ಕ್ಷಯದ ಅತಿ ಘೋರ ರೂಪಗಳಿಂದ ಅದು ಇಂದಿಗೂ ಕಾಪಾಡುತ್ತಿದೆ.

ವಿದ್ಯಾರ್ಥಿಗಳಿಗೆ

ಬೀದರ್ ಈಗ ವೈದ್ಯಕೀಯ ಪ್ರವೇಶ ಪರೀಕ್ಷೆಯ ತಯಾರಿಗೆ ಹೆಸರಾದ ಊರು. ನಾಲ್ಕು ಆಯ್ಕೆಗಳಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಲು ಭಕ್ಷಕ ಕೋಶದ ಹೆಸರು ನೆನಪಿದ್ದರೆ ಸಾಕು. ಆದರೆ ಡಾಕ್ಟರರಾಗಲಿ, ಪಶುವೈದ್ಯರಾಗಲಿ ಆಗಬೇಕಾದವರು ಒಮ್ಮೆಯಾದರೂ ಅದರ ಕುರುಹನ್ನು ಕಣ್ಣಾರೆ ಕಾಣಬೇಕು. ಅದಕ್ಕೆ ಸುಲಭ ದಾರಿಯೊಂದಿದೆ.

ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕರಗಿಸಿ ಶೇಕಡಾ 3ರ ದ್ರಾವಣ ಮಾಡಿಕೊಳ್ಳಿ. 100 ಮಿಲಿಲೀಟರ್ ನೀರಿಗೆ 3 ಗ್ರಾಂ. ಮನೆಯ ಹಿರಿಯರ ನೆರವಿನಿಂದ ಹಸು ಅಥವಾ ಎಮ್ಮೆಯ ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬಟ್ಟಲುಗಳಿಗೆ ಬೇರೆ ಬೇರೆ ಹಿಡಿಯಿರಿ. ಪ್ರತಿಯೊಂದಕ್ಕೂ ಹಾಲಿನಷ್ಟೇ ದ್ರಾವಣ ಸೇರಿಸಿ ಒಂದು ನಿಮಿಷ ಮೆಲ್ಲಗೆ ತಿರುಗಿಸಿ. ಹಾಲು ನೀರಿನಂತೆಯೇ ಹರಿದರೆ ಆ ಭಾಗ ಆರೋಗ್ಯವಾಗಿದೆ. ಗಂಜಿಯಂತೆ ಅಂಟಾಗಿ ಗಟ್ಟಿಯಾದರೆ ಅಲ್ಲಿ ಭಕ್ಷಕ ಕೋಶಗಳು ಜಮಾಯಿಸಿವೆ ಎಂದು ತಿಳಿಯಿರಿ. ಸಾಬೂನು ಆ ಕೋಶಗಳನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಅಂಟಾಗುತ್ತದೆ. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಪರೀಕ್ಷೆಯೊಂದರ ಹಳ್ಳಿಯ ರೂಪ ಇದು. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿ, ನಾಯಿ ಬೆಕ್ಕುಗಳಿಗೂ ಹಾಕಬೇಡಿ. ಕೈಗಳನ್ನು ಚೆನ್ನಾಗಿ ತೊಳೆಯಿರಿ.

ಯಾವ ಬಟ್ಟಲಿನ ಹಾಲು ಎಷ್ಟು ಗಟ್ಟಿಯಾಯಿತು ಎಂದು ದಿನಾಂಕದೊಡನೆ ನೋಟ್ ಪುಸ್ತಕದಲ್ಲಿ ಬರೆದಿಡಿ. ಹತ್ತು ದಿನಕ್ಕೊಮ್ಮೆ ಮತ್ತೆ ಪರೀಕ್ಷಿಸಿ. ಒಂದೇ ಮೊಲೆಯ ಹಾಲು ಎರಡು ಬಾರಿ ಅಂಟಾಗಿ ಕಂಡರೆ, ಕೆಚ್ಚಲು ಇನ್ನೂ ಬಾತಿಲ್ಲದಿದ್ದರೂ, ಆ ಪುಸ್ತಕವನ್ನು ನಿಮ್ಮ ಊರಿನ ಪಶುವೈದ್ಯರಿಗೆ ತೋರಿಸಿ.